ಶುದ್ಧ ಭಾಷೆಗೆ ಕೊಟ್ಟ ಅಂಕ

ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ. ಆ ವರ್ಷದ ಕೊನೆಗೆ ಅವರಿಗೆ ಕೆಲಸ ಬರುತ್ತದೆ ಎಂದು ನಾವು ಸಹಿ ಹಾಕಿ ಕಳಿಸಬೇಕು. ಸಹಿ ಹಾಕುವ ನಮ್ಮಲ್ಲಿ ಹೆಚ್ಚಿನವರು ಆ ಹುಡುಗರು ರೋಗಿಯೊಬ್ಬರ ಎದುರು ಕೂತು ಮಾತಾಡುವುದನ್ನು ಒಮ್ಮೆಯೂ ನೋಡಿರುತ್ತಿರಲಿಲ್ಲ. ಲಾಗ್‌ಬುಕ್ ತುಂಬಿದ್ದರೆ ಸಾಕಿತ್ತು. ಹಾಸನದ ನಮ್ಮ ಕಾಲೇಜಿಗೆ ಇನ್‌ಸ್ಪೆಕ್ಷನ್ ಬರುವ ಸುದ್ದಿ ಹಬ್ಬಿದಾಗ ಡೀನ್ ನನ್ನನ್ನು ಕರೆಸಿದರು. ನಾನು ಸಮುದಾಯ ವೈದ್ಯಶಾಸ್ತ್ರದ ಮೇಡಂ. ಅದರ ಜೊತೆಗೆ ವೈದ್ಯಕೀಯ ಶಿಕ್ಷಣ ಘಟಕ ಎಂಬ ಒಂದು ಕೋಣೆ ಮತ್ತು ಒಂದು ಪ್ರೊಜೆಕ್ಟರು ನನ್ನ ಸುಪರ್ದಿಯಲ್ಲಿದ್ದವು. ಹೌಸ್ ಸರ್ಜನ್‌ಗಳ ಸಾಮರ್ಥ್ಯ ಅಳೆಯಲು ಹೊಸದೊಂದು ವ್ಯವಸ್ಥೆ ಮಾಡಿಕೊಡಿ, ಕಾಗದದ ಮೇಲೂ ಚೆನ್ನಾಗಿರಬೇಕು, ಮಾಡಿದರೆ ನಡೆಯಲೂಬೇಕು ಎಂದರು.

ಈ ಕೆಲಸ ನನಗೆ ಇಷ್ಟವಾಗಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಯಾರೋ ಹೇರಿದ್ದರಿಂದ ತಪ್ಪಾಯಿತು ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ನಮ್ಮ ಹೌಸ್ ಸರ್ಜನ್‌ಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಆಸ್ಪತ್ರೆಗಳಿಗೆ ಸರದಿಯಂತೆ ಹೋಗುತ್ತಿದ್ದರು. ಅಲ್ಲೇ, ನಿಜವಾದ ಹೊರರೋಗಿ ಕೋಣೆಯಲ್ಲೇ, ನಿಜವಾದ ರೋಗಿಯ ಜೊತೆಗೇ ಅವರನ್ನು ನೋಡಬೇಕು ಎಂದು ಗೊತ್ತುಮಾಡಿದೆ. ಹಿರಿಯ ವೈದ್ಯರೊಬ್ಬರು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೌಸ್ ಸರ್ಜನ್ ಒಬ್ಬ ರೋಗಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾನೆ. ಕಾಲು ಗಂಟೆ. ವೀಕ್ಷಕರು ನಡುವೆ ಬಾಯಿ ಹಾಕುವಂತಿಲ್ಲ, ತಲೆ ಆಡಿಸುವಂತಿಲ್ಲ, ಮುಖ ಬದಲಾಯಿಸುವಂತಿಲ್ಲ. ಆಮೇಲೆ ಆರು ಅಂಶಗಳಿಗೆ ಅಂಕ ಕೊಟ್ಟು, ಐದು ನಿಮಿಷ ಅವನ ಜೊತೆ ಕೂತು ಏನು ಸರಿ, ಏನು ತಪ್ಪು ಎಂದು ಹೇಳುತ್ತಾರೆ. ರೋಗದ ವಿವರ ಕೇಳುವುದು, ಮೈ ಪರೀಕ್ಷಿಸುವುದು, ತೀರ್ಮಾನ, ಚಿಕಿತ್ಸೆ ವಿವರಿಸುವುದು, ಸಮಯದ ಬಳಕೆ ಎಂಬವು ಮೊದಲ ಐದು. ಕೊನೆಯದು ರೋಗಿಯ ಜೊತೆಗಿನ ಮಾತು.

ಜಾರಿಗೆ ತರುವ ಮೊದಲು, ವೀಕ್ಷಕರಾಗಿ ಕೂರುವ ಈ ಪರೀಕ್ಷಕರ ತರಬೇತಿ ಆಗಬೇಕಿತ್ತು. ರೋಗಿಗಳ ಒಪ್ಪಿಗೆ ಪಡೆದು ಕೆಲವು ಭೇಟಿಗಳ ವಿಡಿಯೋ ತೆಗೆಸಿದೆ. ಪರೀಕ್ಷಕರನ್ನೆಲ್ಲ ಒಂದೇ ಕಡೆ ಕೂರಿಸಿ, ಒಬ್ಬರ ಹಾಳೆ ಒಬ್ಬರಿಗೆ ಕಾಣದಂತೆ ಅಂಕ ಹಾಕಿಸಿದೆ. ಮೊದಲ ಐದು ಅಂಶಗಳಲ್ಲಿ ಅವರ ಅಂಕಗಳು ಹೆಚ್ಚು ಕಡಿಮೆ ಒಂದೇ ಬಂದವು. ಆರನೆಯದರಲ್ಲಿ ಮಾತ್ರ ಎಲ್ಲ ಕಲಸುಮೇಲೋಗರ. ಒಂದೇ ವಿಡಿಯೋಗೆ ಒಬ್ಬರು ಮೂರು ಕೊಟ್ಟರೆ ಇನ್ನೊಬ್ಬರು ಎಂಟು. ಒಬ್ಬರಿಗೆ ನಗುಮುಖ ಮುಖ್ಯ, ಒಬ್ಬರಿಗೆ ರೋಗಿಗೆ ಮಾತಾಡಲು ಬಿಡುವುದು ಮುಖ್ಯ, ಇನ್ನೊಬ್ಬರಿಗೆ ಏಪ್ರನ್ ಗುಂಡಿ ಹಾಕಿರುವುದೇ ಮುಖ್ಯ. ಹೀಗಾದರೆ ಅಂಕಕ್ಕೆ ಬೆಲೆಯಿಲ್ಲ. ಯಾರ ಕೈಗೆ ಸಿಕ್ಕ ಎಂಬುದರ ಮೇಲೆ ಹುಡುಗನ ಹಣೆಬರಹ ನಿಂತಂತಾಗುತ್ತದೆ.

ಆಗ ನಾನು ಆರನೆಯ ಅಂಶವನ್ನು ಬಿಡಿಸಿ ಬರೆದೆ. ಮಾತು ಎಂದರೇನು ಎಂಬುದನ್ನು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಗುರುತುಗಳಾಗಿ ಒಡೆದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಸ್ಪಷ್ಟ ಉಚ್ಚಾರಣೆಯ, ಶುದ್ಧವಾದ, ಗೌರವಯುತ ಭಾಷೆ ಬಳಸುತ್ತಾನೆ, ಏಕವಚನ ಬಳಸುವುದಿಲ್ಲ.’ ಈ ಸಾಲು ಸೇರಿದ ಮೇಲೆ ಮತ್ತೆ ವಿಡಿಯೋ ತೋರಿಸಿದೆ. ಪರೀಕ್ಷಕರ ಅಂಕಗಳು ಪವಾಡದಂತೆ ಒಂದಕ್ಕೊಂದು ಹೊಂದಿಕೊಂಡವು.

ಆ ದಿನ ಒಬ್ಬರು ಮಾತ್ರ ಎದ್ದು ಹೋಗದೆ ಕೂತಿದ್ದರು. ಸರ್ಜರಿಯ ಹಿರಿಯ ಪ್ರೊಫೆಸರು. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನ ಅವರದು. ತಾತನವರೆಗೆ ಪೂಜೆ, ಅಪ್ಪ ಮೇಷ್ಟ್ರು, ಇವರು ಡಾಕ್ಟರು. ಅವರು ಮಾತಾಡಿದರೆ ಬರೆದದ್ದನ್ನು ಓದಿದಂತಿರುತ್ತದೆ.

“ಈ ಸಾಲು ಬೇಕೇನಮ್ಮ?” ಎಂದು ಕೇಳಿದರು. “ನಮ್ಮ ಮನೇಲಿ ಹೀಗೆ ಮಾತಾಡ್ತಿದ್ರು, ನನಗೆ ಹೀಗೆ ಬಂತು. ಇದರಲ್ಲಿ ನನ್ನ ಸಾಮರ್ಥ್ಯ ಏನಿದೆ? ಇದಕ್ಕೆ ಅಂಕ ಯಾಕೆ?”

ಅಳೆಯುವುದಕ್ಕೆ ಗುರುತು ಬೇಕು ಸರ್, ಈ ಗುರುತು ಹಾಕಿದ ಮೇಲೇ ಎಲ್ಲರ ಅಂಕ ಒಂದಾದದ್ದು ಎಂದು ಹೇಳಿದೆ. ಅವರು ಹಾಳೆಯನ್ನು ಇನ್ನೊಮ್ಮೆ ಓದಿ, ನಿಮಗೆ ಈ ವಿಷಯ ನನಗಿಂತ ಗೊತ್ತು ಎಂದು ಹೊರಟುಹೋದರು.

ಅವರಿಗೆ ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಸಾಲು ನನ್ನ ಕೈಯಿಂದ ಅಷ್ಟು ಸಲೀಸಾಗಿ ಇಳಿದದ್ದಕ್ಕೆ ಬೇರೆ ಕಾರಣವಿತ್ತು. ನಾನು ಹಾಸನದ ಪಕ್ಕದ ಹಳ್ಳಿ ಕಟ್ಟಾಯದವಳು. ಮೆಡಿಕಲ್ ಓದುವಾಗ ವಾರ್ಡಿನಲ್ಲಿ ಮೊದಲ ಸಲ ಕೇಸು ಹೇಳಲು ನಿಂತು ‘ಪೇಷೆಂಟಿಗೆ ವಟ್ಟೆನೋವು ಸಾರ್’ ಎಂದಿದ್ದೆ. ಯೂನಿಟ್ ಚೀಫ್ ಕನ್ನಡಕ ಇಳಿಸಿ, “ಏನು? ವಟ್ಟೆ?” ಎಂದು ತಿರುಗಿ ಕೇಳಿದರು. ಬ್ಯಾಚಿಗೆ ಬ್ಯಾಚೇ ನಕ್ಕಿತು. ಹಾಸಿಗೆಯ ಮೇಲಿದ್ದ ರೋಗಿಗೆ ಮಾತ್ರ ಏಕೆ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ಕಾಲೇಜು ಬಿಡುವವರೆಗೆ ನನ್ನ ಹೆಸರು ವಟ್ಟೆ ಎಂದೇ ಉಳಿಯಿತು. ಆಮೇಲೆ ನಾನು ದಿನವೂ ಹಾಸ್ಟೆಲಿನ ತಾರಸಿಗೆ ಹೋಗಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ನಾಲಿಗೆ ತಿದ್ದಿಕೊಂಡೆ. ಹಕಾರ ಬಿಡದಂತೆ, ಕ್ರಿಯಾಪದ ನುಂಗದಂತೆ. ಊರಿಗೆ ಹೋದಾಗಲೂ ತಿದ್ದಿದ ನಾಲಿಗೆಯಲ್ಲೇ ಮಾತಾಡಿದೆ. ಅವ್ವ ಒಂದೆರಡು ಸಲ ನನ್ನ ಮುಖ ನೋಡಿ ಒಲೆಯ ಕಡೆ ತಿರುಗಿದ್ದಳು. ಅದನ್ನೆಲ್ಲ ನಾನು ಸಾಧನೆ ಎಂದುಕೊಂಡಿದ್ದೆ. ವೈದ್ಯಳಾಗುವುದೆಂದರೆ ಹಾಗೆ ಆಗುವುದು ಎಂದು ನಂಬಿದ್ದೆ. ಆ ನಂಬಿಕೆಯೇ ಆ ಸಾಲಾಗಿ ಇಳಿದಿತ್ತು.

ವ್ಯವಸ್ಥೆಗೆ ಬಲ ಬರಬೇಕು ಎಂದು ಡೀನ್ ಹೇಳಿದಾಗ ಆರನೆಯ ಅಂಶವನ್ನು ಕಡ್ಡಾಯ ಮಾಡಿದವಳೂ ನಾನೇ. ಉಳಿದದ್ದರಲ್ಲಿ ಎಷ್ಟೇ ಅಂಕ ಬರಲಿ, ಮೂರು ಊರುಗಳಲ್ಲಿ ಎರಡು ಕಡೆ ಮಾತಿನಲ್ಲಿ ತೇರ್ಗಡೆಯಾಗದಿದ್ದರೆ ಒಂದು ತಿಂಗಳ ಪೋಸ್ಟಿಂಗ್ ಮತ್ತೆ ಮಾಡಬೇಕು ಎಂದಾಯಿತು.

ಮೊದಲ ಸುತ್ತು ಮುಗಿದಾಗ ಮೂವರು ಹಾಗೆ ಸಿಕ್ಕಿಬಿದ್ದರು. ಅವರಲ್ಲೊಬ್ಬ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನ ಹುಡುಗ. ಸಪೂರ, ಉದ್ದ, ಮಾತಾಡುವಾಗ ಎದುರಿನವರ ಕಡೆ ಸ್ವಲ್ಪ ಬಾಗುವ ಅಭ್ಯಾಸ. ರೋಗದ ವಿವರ ಕೇಳುವುದರಲ್ಲಿ, ಮೈ ಪರೀಕ್ಷೆಯಲ್ಲಿ ಅವನ ಅಂಕ ಆ ಬ್ಯಾಚಿನಲ್ಲೇ ಮೇಲಿತ್ತು. ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಆರನೆಯದರಲ್ಲಿ ಬಿದ್ದಿದ್ದ. ಚನ್ನರಾಯಪಟ್ಟಣದ ವೀಕ್ಷಕರು ಹಾಳೆಯ ಕೆಳಗೆ ಬರೆದಿದ್ದರು: ‘ಹಳ್ಳಿ ಭಾಷೆ. ವಯಸ್ಸಾದವರನ್ನು ಏಕವಚನದಲ್ಲಿ ಮಾತಾಡಿಸುತ್ತಾನೆ. ವೃತ್ತಿಗೆ ಒಪ್ಪುವಂಥದ್ದಲ್ಲ.’

ಅವನನ್ನು ಕೋಣೆಗೆ ಕರೆಸಿ ವಿಷಯ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, “ನಂದು ಅರ್ಥ ಆಗ್ನಿಲ್ಲ ಅಂತ ಯಾರಾರ ಪೇಷೆಂಟು ಯೋಳಿದ್ರಾ ಮೇಡಂ?” ಎಂದು ಕೇಳಿದ.

ಇಲ್ಲ ಎಂದೆ. ಅರ್ಥವಾಗುವ ಪ್ರಶ್ನೆಯಲ್ಲ, ಇದು ವೃತ್ತಿಯ ಮಟ್ಟದ ಪ್ರಶ್ನೆ ಎಂದೆ. ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದು, ಮೂರು ತಿಂಗಳಲ್ಲಿ ನಾಲಿಗೆ ತಿರುಗುತ್ತದೆ ಎಂದೂ ಹೇಳಿದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಅವನು ತಾರೀಖಿನ ಬಗ್ಗೆ, ಪಿ.ಜಿ. ಪರೀಕ್ಷೆಯ ಬಗ್ಗೆ ಏನೋ ಹೇಳಲು ಹೊರಟ. ನಿಯಮ ಎಲ್ಲರಿಗೂ ಒಂದೇ ಎಂದು ಮಾತು ಮುಗಿಸಿದೆ. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು.

ಮರು ಪೋಸ್ಟಿಂಗಿಗೆ ಅವನನ್ನು ಅರಕಲಗೂಡಿಗೆ ಹಾಕಲಾಯಿತು. ಎರಡನೆಯ ಸಲ ಪರೀಕ್ಷೆಗೆ ಕೂರುವವರನ್ನು ಸಂಯೋಜಕರೇ ಖುದ್ದಾಗಿ ನೋಡಬೇಕು ಎಂಬ ನಿಯಮವಿತ್ತು. ಹಾಗಾಗಿ ತಿಂಗಳ ಕೊನೆಗೆ ನಾನೇ ಹೋದೆ.

ಸಂತೆಯ ದಿನ. ಆಸ್ಪತ್ರೆಯ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರರೋಗಿ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಹಾಳೆಯನ್ನು ಪ್ಯಾಡಿಗೆ ಸಿಕ್ಕಿಸಿ ಕೂತೆ. ಒಳಗೆ ಬಂದವಳು ಒಬ್ಬ ಮುದುಕಿ. ಒಣಕಲು ದೇಹ, ಮಂಡಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು. ತಲೆ ಸುತ್ತುತ್ತದೆ, ಸುಸ್ತು, ಎದೆಯ ಕೆಳಗೆ ಉರಿ ಎಂದಳು. ಕೆಳರೆಪ್ಪೆ ಬಿಳಿಚಿಕೊಂಡಿದ್ದು ನನಗೆ ಕೂತಲ್ಲಿಂದಲೇ ಕಂಡಿತು.

ಹುಡುಗ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು, ನೆಟ್ಟಗೆ ಕೂತು, ಆರಂಭಿಸಿದ. “ನಮಸ್ಕಾರ ಅಮ್ಮ. ನಿಮಗೆ ಎಷ್ಟು ದಿನಗಳಿಂದ ತಲೆಸುತ್ತು ಇದೆ?”

ಅವನ ಬಾಯಿಂದ ಆ ಕನ್ನಡ ಕೇಳಿ ನನಗೆ ಸಂತೋಷವೇ ಆಯಿತು. ಒಂದು ಹಕಾರ ತಪ್ಪಲಿಲ್ಲ. ಒಂದು ಏಕವಚನ ನುಸುಳಲಿಲ್ಲ. ಎದುರಿನವರ ಕಡೆ ಬಾಗುವ ಅಭ್ಯಾಸವನ್ನೂ ಬಿಟ್ಟಿದ್ದ. ಮುದುಕಿ ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು, ಸ್ಟೂಲಿನ ಅಂಚಿಗೆ ಜರುಗಿದಳು. ತಹಸೀಲ್ದಾರರ ಮುಂದೆ ಕೂತವರ ಹಾಗೆ.

“ನೀವು ಬೇರೆ ಯಾವುದಾದರೂ ಔಷಧಿ ಸೇವಿಸುತ್ತಿದ್ದೀರಾ?”

“ಇಲ್ಲ ಸಾ.”

“ಮಲವಿಸರ್ಜನೆಯಲ್ಲಿ ಏನಾದರೂ ವ್ಯತ್ಯಾಸ ಕಂಡಿದೆಯೇ?”

ಅವಳು ಒಂದು ಕ್ಷಣ ಅವನ ತುಟಿ ನೋಡಿದಳು. “ಇಲ್ಲ ಸಾ.”

ಅವಳಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದು ನನಗೆ ತಿಳಿಯಿತು. ಇದು ಆಮೇಲೆ ಹೊಳೆದದ್ದಲ್ಲ, ಆಗಲೇ, ಅಲ್ಲೇ ತಿಳಿಯಿತು. ಗೊತ್ತಿಲ್ಲದ ಪ್ರಶ್ನೆಗೆ ದೊಡ್ಡವರ ಮುಂದೆ ‘ಇಲ್ಲ’ ಎಂದುಬಿಡುವುದು ನಮ್ಮ ಕಡೆಯ ಹೆಂಗಸರ ವಾಡಿಕೆ. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದಳು. ಅದನ್ನು ಹೇಗೆ ಕೇಳಬೇಕಿತ್ತೆಂಬುದೂ ನನಗೆ ಗೊತ್ತಿತ್ತು. ಆದರೆ ವೀಕ್ಷಕರು ಬಾಯಿ ಹಾಕುವಂತಿಲ್ಲ. ನಾನು ಬರೆದ ನಿಯಮವನ್ನು ನಾನು ಪಾಲಿಸಿದೆ. ಆರನೆಯ ಅಂಶದ ಎದುರು, ಆ ಸಾಲಿನ ಪಕ್ಕ, ಪೂರ್ಣ ಅಂಕ ಹಾಕಿದೆ.

ಅವನು ಹೊಟ್ಟೆ ಮುಟ್ಟಿ ನೋಡಿದ, ನಾಡಿ ನೋಡಿದ, ರಕ್ತಪರೀಕ್ಷೆಗೆ ಬರೆದ, ಉರಿಗೆ ಮಾತ್ರೆ ಬರೆದ. ಯಾವಾಗ ತೆಗೆದುಕೊಳ್ಳಬೇಕೆಂದು ಅಚ್ಚುಕಟ್ಟಾಗಿ ವಿವರಿಸಿದ. ಮುದುಕಿ ಎಲ್ಲದಕ್ಕೂ ಹೂಂ ಎಂದು ಚೀಟಿ ಹಿಡಿದುಕೊಂಡು ಎದ್ದುಹೋದಳು. ಕಾಲು ಗಂಟೆಗೆ ಸರಿಯಾಗಿ ಮುಗಿಯಿತು.

ಹುಡುಗ ನನ್ನ ಕಡೆ ತಿರುಗಿದ. “ಪರೀಕ್ಷೆ ಮುಗೀತಾ ಮೇಡಂ?”

ಮುಗಿಯಿತು, ಚೆನ್ನಾಗಿ ಮಾಡಿದೆ ಎಂದೆ.

“ಅಂಗಾರೆ ಆ ಅವ್ವನ್ನ ಒಂದ್ಸಲ ನೋಡ್ಕಂಡ್ ಬತ್ತೀನಿ.”

ನಾನು ಉತ್ತರಿಸುವ ಮೊದಲೇ ಎದ್ದು ಹೋದ. ನಾನೂ ಬಾಗಿಲವರೆಗೆ ಹೋದೆ. ಔಷಧಿ ಕೊಡುವ ಕಿಟಕಿಯ ಮುಂದಿನ ಸಾಲಿನಲ್ಲಿ ಮುದುಕಿ ನಿಂತಿದ್ದಳು. ಅವನು ಅವಳ ತೋಳು ಹಿಡಿದು ಗೋಡೆಯ ಪಕ್ಕದ ಬೆಂಚಿಗೆ ಕರೆತಂದು ಕೂರಿಸಿ, ತಾನು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಅವ್ವೋ, ಮಂಡಿನೋವ್ಗೆ ಏನಾರ ಗುಳಿಗೆ ನುಂಗ್ತಿದ್ದೀಯಾ?”

“ಊಂ ಕಣಪ್ಪ. ಅಂಗ್ಡೀಲಿ ಕೊಡ್ತಾನಲ್ಲ, ಬಿಳೀವು. ಅವ್ನ ನುಂಗುದ್ರೆ ವಸಿ ಎದ್ದು ಓಡಾಡ್ತೀನಿ.”

“ದಿನಾ ನುಂಗೀಯ?”

“ದಿನಾ ನುಂಗ್ದೆ ಇದ್ರೆ ಗೇಯದೆಂಗೆ?”

“ಬಯಲ್ಕಡೆ ಓದಾಗ ಎಂಗೋಯ್ತದವ್ವ? ಕರ್ರಗೆ ಓಯ್ತದಾ, ಟಾರು ಇದ್ದಂಗೆ?”

ಮುದುಕಿ ಅವನ ಮುಖ ದಿಟ್ಟಿಸಿದಳು. “ನಿಂಗೆಂಗಪ್ಪ ಗೊತ್ತಾಯ್ತು?” ಎಂದು ಮೆಲ್ಲಗೆ ಕೇಳಿದಳು. “ಒಂದ್ವಾರ ಆಯ್ತು. ಸೊಸೆಗೂ ಯೋಳಿಲ್ಲ.”

ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಅವನು ಅವಳನ್ನು ಕೈ ಹಿಡಿದು ಒಳಗೆ ಕರೆದೊಯ್ದು ಮಲಗಿಸಿದ. ರಕ್ತದೊತ್ತಡ ಇಳಿದಿತ್ತು. ಡ್ರಿಪ್ ಹಾಕಿಸಿದ, ಹಿಮೋಗ್ಲೋಬಿನ್ ನೋಡಿಸಿದ, ಸೊಸೆಗೆ ಫೋನ್ ಮಾಡಿಸಿದ, ಹಾಸನಕ್ಕೆ ಆಂಬುಲೆನ್ಸಿನಲ್ಲಿ ಕಳಿಸಿದ. ನಾನು ಪ್ಯಾಡ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಇಷ್ಟರಲ್ಲಿ ಯಾವುದಕ್ಕೂ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಅವಳು ಉಳಿದುಕೊಂಡಳು. ಹಾಸನದಲ್ಲಿ ರಕ್ತ ಕೊಟ್ಟರು, ಎಂಡೋಸ್ಕೋಪಿ ಮಾಡಿದರು, ವಾರದಲ್ಲಿ ಮನೆಗೆ ಹೋದಳು. ಅದು ನನ್ನ ಪುಣ್ಯದಿಂದ ಆದದ್ದಲ್ಲ.

ಆಂಬುಲೆನ್ಸ್ ಹೋದ ಮೇಲೆ ಅವನ ಜೊತೆ ಐದು ನಿಮಿಷ ಕೂತು ಮಾತಾಡಬೇಕಿತ್ತು. ನಿಯಮದಲ್ಲಿದ್ದದ್ದು ಅದು. ಒಳಗೇ ಹಾಗೆ ಯಾಕೆ ಕೇಳಲಿಲ್ಲ ಎಂದು ಕೇಳಿದೆ.

“ಅಂಗೆ ಕೇಳುದ್ರೆ ನಂಬರ್ ಓಯ್ತದಲ್ಲ ಮೇಡಂ. ಎರಡು ಕಡೆ ಓಯ್ತು.” ಅದರಲ್ಲಿ ಕೊಂಕಿರಲಿಲ್ಲ. ಪ್ರಶ್ನೆಗಳನ್ನೆಲ್ಲ ರೂಮ್‌ಮೇಟ್ ಕೈಲಿ ತಿದ್ದಿಸಿಕೊಂಡು ಬಾಯಿಪಾಠ ಮಾಡಿದ್ದನಂತೆ. ಈ ಒಂದು ತಿಂಗಳು ಅರಕಲಗೂಡಿನಲ್ಲಿ ಯಾರಾದರೂ ನೋಡುತ್ತಿದ್ದಾಗ ಒಂದು ಥರ, ನೋಡದಿದ್ದಾಗ ಒಂದು ಥರ ಮಾತಾಡುತ್ತಿದ್ದನಂತೆ. ಎರಡೆರಡು ಸಲ ನೋಡುವುದರಿಂದ ಮಧ್ಯಾಹ್ನದ ಊಟ ತಡವಾಗುತ್ತದೆ ಎಂದಷ್ಟೇ ಹೇಳಿದ.

ಅವತ್ತು ಪಿ.ಜಿ. ವಿಷಯ ಏನೋ ಹೇಳುತ್ತಿದ್ದೆಯಲ್ಲ ಎಂದು ನೆನಪಿಸಿದೆ. ಆಗ ಹೇಳಿದ. ಪಿ.ಜಿ. ಸೀಟಿಗೆ ಅರ್ಹನಾಗಬೇಕಾದರೆ ನಿಗದಿಯಾದ ತಾರೀಖಿನೊಳಗೆ ಹೌಸ್ ಸರ್ಜನ್ಸಿ ಮುಗಿದಿರಬೇಕು. ಈ ಒಂದು ತಿಂಗಳು ಸೇರಿದ್ದರಿಂದ ಅವನದು ಆ ತಾರೀಖು ದಾಟುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿತ್ತು. ನಾನು ಈ ತಾರೀಖುಗಳನ್ನು ನೋಡದೆ ನಿಯಮ ಮಾಡಿದ್ದೆ. ಹೇಳಲು ಬಂದಾಗ ಕೇಳಿಸಿಕೊಂಡಿರಲಿಲ್ಲ.

ಸಂಜೆ ಹಾಸನಕ್ಕೆ ವಾಪಸು ಬಂದೆ.

ಮರುದಿನ ಆ ಮೂವರ ಹಾಳೆಗಳನ್ನು ಮುಂದಿಟ್ಟುಕೊಂಡೆ. ಮೂವರೂ ಈ ಜಿಲ್ಲೆಯ ಹಳ್ಳಿಗಳವರೇ. ಅದು ನನಗೆ ಮೊದಲು ಕಂಡಿರಲಿಲ್ಲ ಎನ್ನಲಾರೆ, ನೋಡುವ ಗೋಜಿಗೆ ಹೋಗಿರಲಿಲ್ಲ. ಮೊದಲ ಸುತ್ತಿನಲ್ಲೂ ರೋಗಿಗಳ ಒಪ್ಪಿಗೆ ಪಡೆದು ಕೆಲವು ಭೇಟಿಗಳ ವಿಡಿಯೋ ತೆಗೆಸಿಟ್ಟಿದ್ದೆವು; ಅದರಲ್ಲಿ ಮಾತಿಗೆ ಹೆಚ್ಚು ಅಂಕ ಪಡೆದವರದನ್ನು ಹಾಕಿ ನೋಡಿದೆ. ಒಬ್ಬಳು ಮುದುಕನೊಬ್ಬನನ್ನು ‘ಮೋಷನ್ ಸರಿಯಾಗಿ ಪಾಸ್ ಆಗ್ತಿದ್ಯಾ ಅಂಕಲ್’ ಎಂದು ಕೇಳಿದ್ದಳು. ಮುದುಕ ‘ಅವ್ನು ಪಾಸಾದ, ಈಗ ಕೆಲ್ಸುಕ್ಕೋಯ್ತಾನೆ’ ಎಂದು ಮಗನ ಸುದ್ದಿ ಹೇಳಿದ್ದ. ಪರೀಕ್ಷಕರು ಅವಳಿಗೆ ಎಂಟು ಕೊಟ್ಟಿದ್ದರು.

ಇಷ್ಟು ಸಾಲದು, ಕಾಲೇಜಿನ ಪರೀಕ್ಷಾ ಸಮಿತಿಯ ಮುಂದಿಡಲು ಪುರಾವೆ ಬೇಕಿತ್ತು. ಹಳ್ಳಿಮೈಸೂರಿನ ಹುಡುಗ ಹೊಳೆನರಸೀಪುರದಲ್ಲಿ ಬಿದ್ದಿದ್ದ ಭೇಟಿಯ ವಿಡಿಯೋ ನಮ್ಮಲ್ಲಿತ್ತು. ಅದರಲ್ಲಿ ಅವನು ಕೇಳಿದ ಪ್ರತಿ ಪ್ರಶ್ನೆಯನ್ನೂ, ಹೇಳಿದ ಪ್ರತಿ ಮಾತನ್ನೂ ಅಚ್ಚಿನ ಕನ್ನಡಕ್ಕೆ ತಿರುಗಿಸಿ ಟೈಪ್ ಮಾಡಿದೆ. ಒಂದು ಪ್ರಶ್ನೆಯನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಹೆಸರಿಲ್ಲದೆ ಬೇರೆ ಕೆಲವು ಸಂಭಾಷಣೆಗಳ ಜೊತೆ ಬೆರೆಸಿ ಅದೇ ಪರೀಕ್ಷಕರಿಗೆ ಕಳಿಸಿದೆ. ಎಲ್ಲರೂ ಅದನ್ನು ತೇರ್ಗಡೆ ಮಾಡಿದರು. ಅವನನ್ನು ಬೀಳಿಸಿದ್ದ ವೀಕ್ಷಕರು ‘ರೋಗಿಯ ಮನಸ್ಸು ಅರಿತು ಕೇಳಿದ್ದಾನೆ, ಅತ್ಯುತ್ತಮ’ ಎಂದು ಬರೆದು ಕಳಿಸಿದರು.

ಅವರ ಅಂಕಗಳು ಒಂದಾದದ್ದು ಪವಾಡವಾಗಿರಲಿಲ್ಲ. ಎಲ್ಲರ ಕಿವಿಯಲ್ಲೂ ಇದ್ದ ತಾತ್ಸಾರ ಒಂದೇ ಆಗಿತ್ತು. ನಾನು ಅದಕ್ಕೊಂದು ಅಳತೆಗೋಲು ಮಾಡಿಕೊಟ್ಟಿದ್ದೆ.

ಸಮಿತಿ ಸೇರುವ ಮೊದಲು ಡೀನ್ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ಕೆಟ್ಟವರಲ್ಲ. ಮುಂದಿನ ವರ್ಷದಿಂದ ಆ ಸಾಲು ತೆಗೆದುಬಿಡಿ, ಈ ವರ್ಷದ್ದು ಆಗಿಹೋಯಿತು, ಇನ್‌ಸ್ಪೆಕ್ಷನ್ ಮುಂದಿಟ್ಟುಕೊಂಡು ನಮ್ಮ ವ್ಯವಸ್ಥೆಯೇ ತಪ್ಪೆಂದು ನಾವೇ ಬರೆದುಕೊಡುವುದು ಬೇಡ ಎಂದರು. ನಾಲ್ಕು ಜನರ ಮುಂದೆ ನಾನು ಸಣ್ಣವಳಾಗದೆ ಉಳಿಯುವ ದಾರಿ ಅದರಲ್ಲಿತ್ತು. ನಿಜ ಹೇಳಬೇಕೆಂದರೆ ಎರಡು ದಿನ ನಾನು ಅದನ್ನೇ ಒಪ್ಪಿಕೊಂಡು ಓಡಾಡಿದೆ. ಆಮೇಲೆ ಆಗಲಿಲ್ಲ. ಮೂವರ ಫಲಿತಾಂಶ ರದ್ದಾಗಬೇಕು, ಅಳತೆ ತಪ್ಪಿತ್ತು ಎಂದು ನಡಾವಳಿಯಲ್ಲಿ ಬರೆಯಬೇಕು, ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು ಎಂದು ಬರೆದು ಸಮಿತಿಯ ಮುಂದಿಟ್ಟೆ.

ಸಭೆಯಲ್ಲಿ ಗಲಾಟೆಯೇನೂ ಆಗಲಿಲ್ಲ. ನಡಾವಳಿಯಲ್ಲಿ ಬರೆಯಬೇಕಲ್ಲ, ಈ ಸಾಲು ಸೇರಿಸಿದ್ದು ಯಾರು ಎಂದು ಡೀನ್ ಕೇಳಿದರು. ಸರ್ಜರಿ ಪ್ರೊಫೆಸರು, “ಎಲ್ಲರೂ ಸೇರಿಯೇ ಒಪ್ಪಿದ್ದಲ್ಲವೇ” ಎಂದು ಶುರುಮಾಡಿದರು.

“ನಾನು ಸೇರಿಸಿದ್ದು” ಎಂದೆ. “ಸರ್ ಬೇಡ ಅಂದಿದ್ದರು.”

ಯಾಕೆ ಸೇರಿಸಿದೆ ಎಂಬುದನ್ನೂ ಹೇಳಬೇಕು ಎಂದು ನಿಶ್ಚಯಿಸಿಕೊಂಡು ಹೋಗಿದ್ದೆ. ಕಟ್ಟಾಯದ ಮಾತು, ವಾರ್ಡಿನ ಆ ನಗು, ತಾರಸಿಯ ಓದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು ವಿಶ್ವಾಸಾರ್ಹತೆ, ಸಿಂಧುತ್ವ, ಮಾಪನ ದೋಷ. ಅಂಕಗಳು ಹೊಂದಿಕೊಂಡ ಮಾತ್ರಕ್ಕೆ ಅಳೆಯಬೇಕಾದ್ದನ್ನೇ ಅಳೆದಂತಾಗುವುದಿಲ್ಲ ಎಂದು ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸಿ ವಿವರಿಸಿದೆ. ಎಲ್ಲರೂ ಒಪ್ಪಿದರು. ಒಬ್ಬರು ಇದನ್ನು ಪ್ರಬಂಧ ಮಾಡಿ ಪ್ರಕಟಿಸಬಹುದು ಎಂದೂ ಹೇಳಿದರು. ಆ ಮಾತು ಕೇಳಿದಾಗ ಆದಷ್ಟು ನಾಚಿಕೆ ಅರಕಲಗೂಡಿನಲ್ಲೂ ಆಗಿರಲಿಲ್ಲ.

ಫಲಿತಾಂಶ ರದ್ದಾಯಿತು. ಆ ಹೆಚ್ಚಿನ ತಿಂಗಳನ್ನು ಲೆಕ್ಕದಿಂದ ಬಿಡಬೇಕೆಂದು ವಿಶ್ವವಿದ್ಯಾಲಯಕ್ಕೆ ಪತ್ರ ಹೋಯಿತು. ನಾನೇ ಎರಡು ಸಲ ಫೋನ್ ಮಾಡಿದೆ, ಒಮ್ಮೆ ಖುದ್ದಾಗಿ ಹೋಗಿ ಕಾದು ಕೂತೆ. ಮಾಡಿದ ಪೋಸ್ಟಿಂಗನ್ನು ಮಾಡಿಲ್ಲವೆಂದು ಬರೆಯಲು ಬರುವುದಿಲ್ಲ, ಕಡತ ಮೇಲಿನವರಿಗೆ ಹೋಗಬೇಕು ಎಂದರು. ಹೋಯಿತು, ಬಂತು. ಉತ್ತರ ನಮ್ಮ ಪರವಾಗಿಯೇ ಬಂತು. ಬರುವಷ್ಟರಲ್ಲಿ ಆ ತಾರೀಖು ಕಳೆದು, ಸೀಟು ಹಂಚಿಕೆಯೂ ಮುಗಿದಿತ್ತು. ಉಳಿದಿಬ್ಬರು ಆ ವರ್ಷ ಪಿ.ಜಿ.ಗೆ ಹೋಗುವವರಿರಲಿಲ್ಲ. ಅವನಿಗೆ ಒಂದು ವರ್ಷ ಹೋಯಿತು.

ಆರನೆಯ ಅಂಶವನ್ನು ಹೊಸದಾಗಿ ಬರೆದೆವು. ಈ ಸಲ ಸರ್ಜರಿ ಪ್ರೊಫೆಸರೂ ಜೊತೆಗೆ ಕೂತರು. ಹುಡುಗ ಹೇಗೆ ಮಾತಾಡಿದ ಎಂಬುದಕ್ಕೆ ಅಂಕವಿಲ್ಲ. ರೋಗಿ ಹೊರಗೆ ಬಂದ ಮೇಲೆ ವೀಕ್ಷಕರು ಅವರನ್ನೇ ಹೋಗಿ ಕೇಳಬೇಕು: ಡಾಕ್ಟರು ನಿಮಗೆ ಏನಾಗಿದೆ ಎಂದರು, ಮನೆಗೆ ಹೋಗಿ ಏನು ಮಾಡುತ್ತೀರಿ, ಹೇಳಬೇಕೆಂದಿದ್ದು ಏನಾದರೂ ಉಳಿದುಹೋಯಿತಾ. ರೋಗಿಯ ಉತ್ತರದ ಮೇಲೆ ಅಂಕ. ಇದಕ್ಕೆ ಸಮಯ ಹೆಚ್ಚು ಹಿಡಿಯಿತು, ಪರೀಕ್ಷಕರು ಗೊಣಗಿದರು. ಅಂಕಗಳ ಹೊಂದಾಣಿಕೆಯೂ ಮೊದಲಿನಷ್ಟು ಚೆಂದ ಬರಲಿಲ್ಲ.

ಯಾರ ಮೇಲೆ ಮೊದಲು ಪ್ರಯೋಗಿಸುವುದು ಎಂಬ ಮಾತು ಬಂದಾಗ ನನ್ನ ಮೇಲೆ ಎಂದೆ. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ, ಸರ್ಜರಿ ಪ್ರೊಫೆಸರು ಮೂಲೆಯ ಕುರ್ಚಿಯಲ್ಲಿ ಕೂತರು. ನನ್ನೆದುರು ಸಕ್ಕರೆ ಕಾಯಿಲೆಯ, ನಡುವಯಸ್ಸಿನ ಹೆಂಗಸು. ಊರ ಕನ್ನಡದಲ್ಲೇ ಮಾತಾಡಬೇಕು ಎಂದು ನಿಶ್ಚಯಿಸಿದ್ದೆ. “ಏನವ್ವ, ಎಂಗಿದ್ದೀಯಾ? ಇಟ್ಟು ಉಣ್ತಿದ್ದೀಯಾ?” ಎಂದು ಶುರುಮಾಡಿದೆ. ನನ್ನ ಕಿವಿಗೇ ಅದು ನಾಟಕದ ಮಾತಿನಂತೆ ಕೇಳಿತು. ಹಕಾರ ಬೇಕಾದಲ್ಲಿ ಬಿಟ್ಟೆ, ಬೇಡವಾದಲ್ಲೂ ಬಿಟ್ಟೆ. ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವೂರಮ್ಮ ನಿಮ್ದು?” ಎಂದು ಕೇಳಿದಳು.

“ಕಟ್ಟಾಯ.”

“ನಮ್ಮಕ್ಕನ್ನ ಕಟ್ಟಾಯ್ಕೇ ಕೊಟ್ಟಿರಾದು” ಎಂದಳು. “ಅಲ್ಲಿಯೋರು ಇಂಗ್ ಮಾತಾಡಾಕಿಲ್ಲ ಬುಡಿ.”

ಬಯ್ಯಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಹೊರಗೆ ಪ್ರೊಫೆಸರು ಅವಳನ್ನು ಕೇಳಿದಾಗ, ಸಕ್ಕರೆ ಇದೆ ಅಂದರು, ಮಾತ್ರೆ ಕೊಟ್ಟರು, ಇನ್ನೇನೋ ಹೇಳಿದರು, ಒಳ್ಳೆಯವರು ಎಂದಳಂತೆ. ಪಾದ ನೋಡಿಕೊಳ್ಳಲು ನಾನು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಪಾದದ ಹುಣ್ಣಿನ ವಿಷಯ ಅವಳು ನನಗೆ ಹೇಳಿರಲಿಲ್ಲ, ಅವರಿಗೆ ಹೇಳಿದಳು. ಹಾಳೆಯ ಪ್ರಕಾರ ನಾನು ತೇರ್ಗಡೆಯಾಗಲಿಲ್ಲ. ಪ್ರೊಫೆಸರು ಹಾಳೆ ಕೊಡಲು ಹಿಂಜರಿದರು. ನಾನೇ ತೆಗೆದುಕೊಂಡೆ.

ಅದಾದ ಕೆಲವು ದಿನಗಳಿಗೆ ಹಳ್ಳಿಮೈಸೂರಿನ ಹುಡುಗ ಹೌಸ್ ಸರ್ಜನ್ಸಿ ಮುಗಿಸಿದ ಪತ್ರಕ್ಕೆ ಸಹಿ ಹಾಕಿಸಲು ಬಂದ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತ್ತು. ಕೂರಿಸಿದೆ. ತಪ್ಪು ನನ್ನದು, ನಿನ್ನ ಒಂದು ವರ್ಷ ನನ್ನಿಂದ ಹೋಯಿತು ಎಂದೆ. ಸಭೆಯಲ್ಲಿ ಹೇಳಲಾಗದ್ದನ್ನೂ ಅವನಿಗೆ ಹೇಳಿದೆ. ಕಟ್ಟಾಯದ್ದು, ವಟ್ಟೆ ಎಂದು ಕರೆಯುತ್ತಿದ್ದದ್ದು. ಮೇಜಿನ ಮೇಲಿದ್ದ ಪತ್ರವನ್ನೇ ನೋಡುತ್ತಾ ಕೇಳಿಸಿಕೊಂಡ. ಪರೀಕ್ಷಕರ ಮುಂದಿನ ತರಬೇತಿಗೆ ನೀನೂ ಬರಬೇಕು, ರೋಗಿಯನ್ನು ಹೇಗೆ ಕೇಳಬೇಕೆಂದು ನೀನು ತೋರಿಸಿಕೊಡಬೇಕು ಎಂದು ಕೇಳಿಕೊಂಡೆ.

ಅವನು ನೆಟ್ಟಗೆ ಕೂತು, ಎರಡೂ ಕೈ ಮೇಜಿನ ಮೇಲಿಟ್ಟ.

“ಕ್ಷಮಿಸಿ ಮೇಡಂ” ಎಂದ. “ನನಗೆ ಬರಲು ಸಾಧ್ಯವಾಗುವುದಿಲ್ಲ.”

ಸಹಿ ಹಾಕಿದೆ. ಪತ್ರ ತೆಗೆದುಕೊಂಡು, “ಧನ್ಯವಾದಗಳು. ನಾನು ಹೊರಡುತ್ತೇನೆ” ಎಂದು ಎದ್ದ. ಒಂದು ಹಕಾರವೂ ತಪ್ಪಲಿಲ್ಲ. ಬಾಗಿಲು ಮುಚ್ಚಿಕೊಂಡ ಮೇಲೆ ಕಾರಿಡಾರಿನಲ್ಲಿ ಅವನು ಯಾರಿಗೋ ಫೋನಿನಲ್ಲಿ, “ಊಂ ಕಣವ್ವ, ಆಯ್ತು, ಬತ್ತಾವ್ನಿ” ಎಂದದ್ದು ಕೇಳಿಸಿತು.